ಬೆಳಗಾವಿಯಲ್ಲಿ ಬೈಕ್ ಸೀಟ್ ಮಾಡಿಸುವುದು: ಹೊಲಿಗೆಗೆ ಪೂರ್ಣ ಅಂಕ, ಫೋಮಿಗೆ ಅರ್ಧ

ಬೆಳಗಾವಿ ಪೇಟೆಯ ಸೀಟ್ ಅಂಗಡಿಗಳಲ್ಲಿ ಗಿರಾಕಿಗಳು ಆಡುವ ಮಾತು ಹೆಚ್ಚುಕಡಿಮೆ ಒಂದೇ: "ಉಸ್ತಾದ್, ಛಲೋ ಮೆತ್ತಗ ಮಾಡಿಕೊಡ್ರಿ." ಉಸ್ತಾದರು ಕೇಳಿದ್ದನ್ನೇ ಮಾಡಿಕೊಡುತ್ತಾರೆ. ಹಳೆ ರೆಕ್ಸಿನ್ ಕಿತ್ತು, ಕಂಪನಿ ಫೋಮಿನ ಮೇಲೆ ಒಂದಿಂಚು ಬಿಳಿ ಸ್ಪಂಜ್ ಅಂಟಿಸಿ, ಹೊಸ ರೆಕ್ಸಿನ್ ಎಳೆದು ಪಿನ್ ಹೊಡೆದು ಸಂಜೆಯೊಳಗೆ ಕೈಗೆ ಕೊಡುತ್ತಾರೆ. ಅಂಗಡಿ ಮುಂದೆ ಕೂತು ನೋಡಿದರೆ ಹಾಯ್ ಅನಿಸುತ್ತದೆ. ಗೋವಾ ಕಡೆ ಹೊರಟವರು ಖಾನಾಪುರ ದಾಟುವ ಹೊತ್ತಿಗೆ ಕುಂಡಿ ಉರಿಯಲು ಶುರುವಾಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಆ ಸ್ಪಂಜ್ ಕೂತ ಜಾಗದಲ್ಲಿ ಕುಸಿದು, ರೆಕ್ಸಿನ್ ಸುಕ್ಕುಗಟ್ಟಿ, ಸೀಟು ಮೊದಲಿಗಿಂತ ಕೆಟ್ಟದಾಗಿರುತ್ತದೆ.

ಇಲ್ಲಿ ಅಳೆದು ನೋಡುತ್ತಿರುವುದು ಈ ಸೇವೆಯನ್ನೇ: ಹಳೆ ಸೀಟಿನ ಫೋಮ್ ತಿದ್ದಿಸಿ ಹೊಸ ಕವರ್ ಹಾಕಿಸುವುದು. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಇಲ್ಲಿನವರ ಕೈಕೆಲಸ ಬಹಳ ಒಳ್ಳೆಯದು. ಡಬಲ್ ಹೊಲಿಗೆ ನೆಟ್ಟಗೆ ಬರುತ್ತದೆ, ಮೂಲೆಯ ನಿರಿಗೆ ಕಣ್ಣಿಗೆ ಕಾಣುವುದಿಲ್ಲ, ಪೈಪಿಂಗ್ ಎಲ್ಲಿಯೂ ಸೊಟ್ಟ ಹೋಗುವುದಿಲ್ಲ. ಸೋಲುವುದು ಒಳಗಿನ ಫೋಮಿನಲ್ಲಿ. ಅದಕ್ಕೆ ಕಾರಣ ಅಂಗಡಿಯವರಿಗಿಂತ ಹೆಚ್ಚಾಗಿ ನಾವು ಗಿರಾಕಿಗಳು. ರೆಕ್ಸಿನ್ ಬಣ್ಣ ಆರಿಸಲು ಅರ್ಧ ಗಂಟೆ ನಿಲ್ಲುತ್ತೇವೆ, ಒಳಗೆ ಏನು ಹಾಕುತ್ತೀರಿ ಎಂದು ಒಂದು ಮಾತು ಕೇಳುವುದಿಲ್ಲ. ಸರಿಯಾದ ಅಳತೆ ಹೇಳಿದರೆ ಅದೇ ಉಸ್ತಾದರು ಕಂಪನಿ ಸೀಟಿಗಿಂತ ಉತ್ತಮವಾದದ್ದನ್ನು ಮಾಡಿಕೊಡಬಲ್ಲರು.

ಮೆತ್ತನೆ ಸೀಟು ಏಕೆ ನೋಯಿಸುತ್ತದೆ? ಕೂತಾಗ ಮೈಭಾರ ಹೊರುವುದು ಕುಂಡಿಯ ಕೆಳಗಿನ ಎರಡು ಎಲುಬಿನ ತುದಿಗಳು. ಅವು ಭಾರ ಹೊರಲೆಂದೇ ಇರುವಂಥವು. ಮೆತ್ತನೆ ಫೋಮ್ ಈ ಎರಡು ತುದಿಗಳ ಕೆಳಗೆ ಪೂರ್ತಿ ಒತ್ತಿಹೋಗಿ ತಳದ ಪ್ಲಾಸ್ಟಿಕ್ ಹತ್ತುತ್ತದೆ. ಸುತ್ತಲಿನ ಫೋಮ್ ಮಾತ್ರ ಉಬ್ಬಿಕೊಂಡೇ ಇರುತ್ತದೆ. ಆಗ ಭಾರ ಹೊರಬಾರದ ಜಾಗಗಳಾದ ಬಾಲದೆಲುಬು ಮತ್ತು ಒಳತೊಡೆಯ ಮೇಲೆ ಒತ್ತಡ ಬೀಳುತ್ತದೆ. ತೊಡೆಯ ನರ, ರಕ್ತನಾಳ ಒತ್ತಿಕೊಂಡು ಕಾಲು ಜೋಮು ಹಿಡಿಯುತ್ತದೆ. ಇನ್ನೊಂದು ಕಾರಣ ಕಂಪನ. ಕೂತ ಮನುಷ್ಯನ ದೇಹಕ್ಕೆ ಮೇಲೆ-ಕೆಳಗಿನ ಕಂಪನ ಅತಿ ಹೆಚ್ಚು ತಟ್ಟುವುದು ಸೆಕೆಂಡಿಗೆ 4ರಿಂದ 8 ಬಾರಿ ಕುಲುಕುವಾಗ. ದಪ್ಪ, ಮೆತ್ತನೆ ಫೋಮ್ ಸ್ಪ್ರಿಂಗಿನಂತೆ ವರ್ತಿಸಿ, ಹೆಚ್ಚುಕಡಿಮೆ ಇದೇ ಲಯದಲ್ಲಿ ಸವಾರನನ್ನು ಕುಣಿಸುತ್ತದೆ. ಎಂಜಿನ್ನಿನ ಸಣ್ಣ ನಡುಕವನ್ನು ಫೋಮ್ ಚೆನ್ನಾಗಿ ನುಂಗುತ್ತದೆ. ರಸ್ತೆಯ ಗುಂಡಿಯ ಹೊಡೆತವನ್ನು ತಡೆಯುವ ಕೆಲಸ ಶಾಕ್ ಅಬ್ಸಾರ್ಬರಿನದು. ಸ್ಪ್ಲೆಂಡರ್ ಪ್ಲಸ್‌ನ ಹಿಂದಿನ ಶಾಕ್‌ಗೆ ಐದು ಹಂತಗಳಿವೆ. ಒಬ್ಬರೇ ಓಡಾಡುವವರು ಅದನ್ನು ಕೊನೆಯ ಬಿಗಿ ಹಂತದಲ್ಲಿಟ್ಟು ಸೀಟನ್ನು ದೂರುವುದುಂಟು. ಸೀಟ್ ಬಿಚ್ಚಿಸುವ ಮುಂಚೆ ಅದನ್ನು ಇಳಿಸಿ, ಟಯರ್ ಗಾಳಿ ಸರಿಮಾಡಿ ಒಮ್ಮೆ ಓಡಿಸಿ ನೋಡಿ.

ಈಗ ಫೋಮಿನ ವಿಷಯ. ಸಾಂದ್ರತೆ ಬೇರೆ, ಗಟ್ಟಿತನ ಬೇರೆ. ಅಂಗಡಿಯಲ್ಲಿ ಎರಡನ್ನೂ ಒಂದೇ ಎಂದು ತಿಳಿಯುವುದೇ ಮೊದಲ ಎಡವಟ್ಟು. ಸಾಂದ್ರತೆ ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದು. ಫೋಮ್ ಎಷ್ಟು ಕಾಲ ಕುಸಿಯದೆ ಬಾಳುತ್ತದೆ ಎಂಬುದನ್ನು ಅದು ಹೇಳುತ್ತದೆ. ಒತ್ತಿದರೆ ಎಷ್ಟು ಬಗ್ಗುತ್ತದೆ ಎಂಬುದು ಗಟ್ಟಿತನ. ಅಗ್ಗದ ಬಿಳಿ ಸ್ಪಂಜ್ 20 ಕಿಲೋ ಆಸುಪಾಸಿನದು; ಸೋಫಾ ಬೆನ್ನಿಗೆ ಅದು ಸಾಕು, ಬೈಕಿಗೆ ಬೇಡ. ಬೇಕಾದದ್ದು ಎಚ್‌ಆರ್ (ಹೈ ರೆಸಿಲಿಯನ್ಸ್, ಅಂದರೆ ಚೆನ್ನಾಗಿ ಪುಟಿಯುವ) ಫೋಮ್, 40ರಿಂದ 50 ಕಿಲೋ ಸಾಂದ್ರತೆಯದು. ಒತ್ತಿ ಬಿಟ್ಟರೆ ತಟ್ಟನೆ ಮೇಲೇಳಬೇಕು. ಅದರ ಕೆಳಗೆ ರೀಬಾಂಡೆಡ್, ಅಂದರೆ ಬಣ್ಣಬಣ್ಣದ ಫೋಮ್ ಚೂರುಗಳನ್ನು ಒತ್ತಿ ಮಾಡಿದ ಗಟ್ಟಿ ಹಾಳೆ, 80ರಿಂದ 100 ಕಿಲೋದ್ದು. ಗಾದಿ ಅಂಗಡಿಗಳಲ್ಲಿ ಇವೆರಡೂ ಸಿಗುತ್ತವೆ. ಸೀಟ್ ಅಂಗಡಿಯಲ್ಲಿ ಇಲ್ಲವೆಂದರೆ ಒಂದಡಿ ಚೌಕದ ತುಂಡು ನೀವೇ ಕೊಂಡೊಯ್ಯಿರಿ, ಬೇಡ ಎನ್ನುವವರು ಅಪರೂಪ. ಮೆಮರಿ ಫೋಮ್ ಹಾಕಿಸುವ ಆಸೆ ಹಲವರಿಗೆ. ಚಳಿಯಲ್ಲಿ ಗಟ್ಟಿಯಾಗಿ, ಬಿಸಿಲಲ್ಲಿ ಮೆತ್ತಗಾಗುವುದು ಅದರ ಗುಣ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಅದು ತಳಕ್ಕೇ ಇಳಿಯುತ್ತದೆ. ಹಾಕಿಸಲೇಬೇಕೆಂದರೆ ಮೇಲ್ಪದರವಾಗಿ 10 ಮಿ.ಮೀ. ಮೀರದಂತೆ ಹಾಕಿಸಿ.

ಉಸ್ತಾದರಿಗೆ ಹೇಳಬೇಕಾದ ಕ್ರಮ ಇದು. ಕಂಪನಿ ಫೋಮನ್ನು ಪೂರ್ತಿ ಎಸೆಯಬಾರದು. ಅದು ಅಚ್ಚಿನಲ್ಲಿ ಎರಕ ಹೊಯ್ದದ್ದು, ಅಂಚುಗಳ ಆಕಾರ ಅದರಲ್ಲೇ ಇದೆ. ಗಾಡಿ ಮೇಲೆ ಓಡಿಸುವ ಭಂಗಿಯಲ್ಲಿ ಕೂತು, ಇನ್ನೊಬ್ಬರಿಂದ ಕುಂಡಿಯ ಹಿಂದು-ಮುಂದಿನ ಗಡಿಯನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಆ ಗಡಿಯೊಳಗೆ 40 ಮಿ.ಮೀ. ಆಳ ಕತ್ತರಿಸಿ ತೆಗೆಯಬೇಕು. ಕೆಳಗೆ 25 ಮಿ.ಮೀ. ರೀಬಾಂಡೆಡ್, ಮೇಲೆ 20 ಮಿ.ಮೀ. ಎಚ್‌ಆರ್. ಕೊನೆಗೆ ಇಡೀ ಸೀಟಿನ ಮೇಲೆ 8ರಿಂದ 10 ಮಿ.ಮೀ. ಮೆತ್ತನೆ ಪದರ, ಜೋಡಿಸಿದ ಗೆರೆಗಳು ರೆಕ್ಸಿನ್ ಮೇಲೆ ಮೂಡದಿರಲಿ ಎಂದು ಅಷ್ಟೇ. ಇಷ್ಟರಲ್ಲಿ ಎತ್ತರ 15 ಮಿ.ಮೀ. ಒಳಗೇ ಏರುತ್ತದೆ. 60 ಕಿಲೋ ತೂಕದವರಿಗೂ 90 ಕಿಲೋದವರಿಗೂ ಒಂದೇ ಲೆಕ್ಕ ಸಲ್ಲದು: ಭಾರ ಹೆಚ್ಚಿದ್ದರೆ ರೀಬಾಂಡೆಡ್ 30 ಮಾಡಿ, ಕಡಿಮೆ ಇದ್ದರೆ 15ಕ್ಕೆ ಇಳಿಸಿ ಎಚ್‌ಆರ್ ಹೆಚ್ಚಿಸಿ.

ಅಂಟಿನಲ್ಲಿ ಅವಸರ ಮಾಡುವುದು ಈ ಕೆಲಸದ ದೊಡ್ಡ ದೋಷ. ರಬ್ಬರ್ ಅಂಟನ್ನು ಎರಡೂ ಮುಖಕ್ಕೆ ತೆಳ್ಳಗೆ ಬಳಿದು, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಲು ಬಿಡಬೇಕು. ಹತ್ತು-ಹದಿನೈದು ನಿಮಿಷ ಬೇಕು. ಹಸಿ ಇರುವಾಗಲೇ ಒತ್ತಿ, ಮೇಲೆ ರೆಕ್ಸಿನ್ ಮುಚ್ಚಿದರೆ ಅಂಟಿನ ದ್ರಾವಕ ಒಳಗೇ ಸಿಕ್ಕಿಕೊಳ್ಳುತ್ತದೆ, ಪದರಗಳು ಬಿಸಿಲಿಗೆ ಜಾರುತ್ತವೆ. ಭಾರ ಬೀಳುವ ಜಾಗದ ನಡುವೆ ಅಂಟನ್ನು ದಪ್ಪಗೆ ಸುರಿದರೆ ಅದು ಒಣಗಿ ಹಪ್ಪಳದಂತೆ ಗಟ್ಟಿಯಾಗಿ ಚುಚ್ಚುತ್ತದೆ. ಅಂಚುಗಳಿಗೆ ಪೂರ್ತಿ, ನಡುವೆ ಅಲ್ಲಲ್ಲಿ ಸಾಕು. ಸೀಟನ್ನು ಒಂದು ರಾತ್ರಿ ಅಂಗಡಿಯಲ್ಲೇ ಬಿಟ್ಟು ಮರುದಿನ ಕವರ್ ಹಾಕಿಸಿ. "ಇವತ್ತೇ ಬೇಕು" ಎಂದು ಹಟ ಹಿಡಿಯಬೇಡಿ.

ಕವರ್ ಹಾಕುವ ಮುಂಚೆ ಬರೀ ಫೋಮ್ ಮೇಲೆ ಹತ್ತು ನಿಮಿಷ ಕೂರಬೇಕು. ಇದನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಉಸ್ತಾದರು ಖುಷಿಯಿಂದ ಬಿಡುತ್ತಾರೆ. ಪಕ್ಕದಲ್ಲಿ ಸ್ಕೇಲ್ ಹಿಡಿದು ನೋಡಿದರೆ, ಕೂತಾಗಲೂ ತಳದ ಪ್ಲೇಟಿನ ಮೇಲೆ ಕನಿಷ್ಠ 25 ಮಿ.ಮೀ. ಫೋಮ್ ಉಳಿದಿರಬೇಕು. ಕಡಿಮೆ ಉಳಿದರೆ ಗುಂಡಿಗೆ ಇಳಿದಾಗ ತಳ ಬಡಿಯುವುದು ಖಂಡಿತ.

ಆಕಾರದ ವಿಷಯದಲ್ಲಿ ಇನ್ನೂ ಹೆಚ್ಚು ಹೇಳುವುದಿದೆ. ಎಷ್ಟೋ ಸೀಟುಗಳ ನೋವಿಗೆ ಕಾರಣ ಫೋಮೂ ಅಲ್ಲ, ಇಳಿಜಾರು. ಸೀಟು ಟ್ಯಾಂಕ್ ಕಡೆ ವಾಲಿದ್ದರೆ ಬ್ರೇಕ್ ಹಿಡಿದಾಗಲೆಲ್ಲ ಸವಾರ ಮುಂದೆ ಜಾರುತ್ತಾನೆ, ತೋಳಿನಿಂದ ತಳ್ಳಿ ಹಿಂದೆ ಸರಿಯುತ್ತಾನೆ. ಅಂಗೈ, ಹೆಗಲು, ನಡು ಎಲ್ಲಕ್ಕೂ ನೋವು ಅಲ್ಲಿಂದಲೇ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನಿಂದ ಇಳಿಸಿ, ಎರಡೂ ಚಕ್ರ ನೆಲಕ್ಕೆ ತಾಗಿದ ಹಾಗೆ ನೆಟ್ಟಗೆ ಹಿಡಿದು, ಕೂರುವ ಜಾಗದಲ್ಲಿ ಪಟ್ಟಿ ಇಟ್ಟು ಮೊಬೈಲಿನ ಮಟ್ಟಗೋಲು ಆ್ಯಪಿನಲ್ಲಿ ನೋಡಿ. ಕೂರುವ ಜಾಗ ಮಟ್ಟವಾಗಿರಬೇಕು, ಅಥವಾ ಮುಂಭಾಗ ಕೂದಲೆಳೆಯಷ್ಟು ಏರಿರಬೇಕು.

ಅಗಲಕ್ಕೂ ಅಳತೆ ಉಂಟು. ಗಟ್ಟಿ ಸ್ಟೂಲಿನ ಮೇಲೆ ರಟ್ಟಿನ ಡಬ್ಬದ ಅಲೆಯಲೆ ಹಾಳೆ ಹಾಸಿ, ಅದರ ಮೇಲೆ ಕೂತು ಸ್ವಲ್ಪ ಮುಂದೆ ಬಾಗಿ ಎದ್ದರೆ ಎರಡು ತಗ್ಗು ಮೂಡುತ್ತವೆ. ಅವೆರಡರ ನಡುವಿನ ದೂರ ಬಹುತೇಕರಲ್ಲಿ 100ರಿಂದ 140 ಮಿ.ಮೀ. ಒಳಗಿರುತ್ತದೆ. ಹೆಂಗಸರಲ್ಲಿ ಸಾಮಾನ್ಯವಾಗಿ ತುಸು ಹೆಚ್ಚು. ಆ ಎರಡು ತಗ್ಗುಗಳ ಆಚೆ-ಈಚೆ ಇನ್ನೂ 40 ಮಿ.ಮೀ.ನಷ್ಟು ಚಪ್ಪಟೆ ಜಾಗ ಸೀಟಿನಲ್ಲಿರಬೇಕು. ಸೀಟನ್ನು ಕತ್ತೆಯ ಬೆನ್ನಿನಂತೆ ಗುಂಡಗೆ ಉಜ್ಜಿಬಿಟ್ಟರೆ ಎರಡೂ ಎಲುಬು ಇಳಿಜಾರಿನಲ್ಲಿ ಕೂರುತ್ತವೆ, ಒಂದು ಗಂಟೆಯೂ ತಡೆಯುವುದಿಲ್ಲ. ಮುಂಭಾಗ ಮಾತ್ರ ಕಿರಿದಿರಲಿ, ಅದರ ಅಂಚನ್ನು ಚೆನ್ನಾಗಿ ಗುಂಡಗೆ ಮಾಡಿಸಿ. ಕುಳ್ಳಗಿನವರು ಸೀಟನ್ನು ತಗ್ಗಿಸಿ ಎಂದು ಕೇಳುವುದುಂಟು. ಎತ್ತರ ಇಳಿಸಿದರೆ ಫೋಮ್ ಹೋಗುತ್ತದೆ. ಮುಂಭಾಗದ ಬದಿಗಳನ್ನು ಒಂದೊಂದು ಕಡೆ 15 ಮಿ.ಮೀ. ಉಜ್ಜಿಸಿದರೆ ಕಾಲು ನೇರ ಕೆಳಗಿಳಿಯುತ್ತದೆ, ಎತ್ತರ ಮುಟ್ಟದೆಯೇ ಪಾದ ನೆಲಕ್ಕೆ ಸಿಗುತ್ತದೆ. ಗ್ರೈಂಡರಿಗೆ 36 ಅಥವಾ 40 ನಂಬರಿನ ಉಜ್ಜುಹಾಳೆ ಹಾಕಿ ಹಗುರ ಕೈಯಿಂದ ಉಜ್ಜಿದರೆ ಫೋಮ್ ನುಣ್ಣಗೆ ಬರುತ್ತದೆ. ಬ್ಲೇಡಿನಿಂದ ಕೊಯ್ದರೆ ಮೆಟ್ಟಿಲು ಮೆಟ್ಟಿಲಾಗಿ ಉಳಿಯುತ್ತದೆ.

ನಮ್ಮ ಕಡೆಯ ಸೀಟಿಗೆ ಬೇರೆಡೆಯ ಡಿಸೈನ್ ನಕಲು ಮಾಡಿದರೆ ಕೆಡುವುದು ಹಿಂದಿನ ಸವಾರರ ವಿಷಯದಲ್ಲಿ. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವ ಅವ್ವ, ಅತ್ತಿ, ವೈನಿಯರ ಪೂರ್ತಿ ಭಾರ ಎಡ ಅಂಚಿನ ಮೇಲೆ ಬೀಳುತ್ತದೆ. ಅಲ್ಲಿನ ಫೋಮ್ ಬೇಗ ಮುರಿದು ಅಂಚು ಕೆಳಗೆ ಜೋಲುತ್ತದೆ. ಕೂತವರು ಗೊತ್ತಿಲ್ಲದೆ ಹೊರಕ್ಕೆ ಜಾರುತ್ತಿರುತ್ತಾರೆ. ಇದು ಸುಖದ ಮಾತಷ್ಟೇ ಅಲ್ಲ, ಜೀವದ ಮಾತು. ಹಿಂದಿನ ಸೀಟಿನ ಎಡ ಅಂಚಿಗೆ ಎರಡಿಂಚು ಅಗಲದ ರೀಬಾಂಡೆಡ್ ಪಟ್ಟಿ ಕೂರಿಸಿ, ಆ ಅಂಚನ್ನು ಚೌಕವಾಗಿ ಇರಿಸಿ, ಗುಂಡಗೆ ಮಾಡಬೇಡಿ ಎಂದು ಹೇಳಿ. ಹಿಂದಿನ ಸೀಟನ್ನು ಎತ್ತರದ ಮೆಟ್ಟಿಲಾಗಿಸುವ ಫ್ಯಾಶನ್ ಇದೆಯಲ್ಲ, ಅದರಲ್ಲಿ ಒಂದೇ ಕಡೆ ಕೂತವರ ಕಾಲು ಫುಟ್‌ರೆಸ್ಟಿಗೆ ಎಟುಕುವುದಿಲ್ಲ, ಕಾಲು ತೂಗುತ್ತ ತೊಡೆಯ ಕೆಳಗೆ ಅಂಚು ಒತ್ತುತ್ತದೆ. ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಅದು ಬೇಡ. ಹೊಸ ಕವರ್ ಹಾಕುವಾಗ ಸೀಟಿನ ಅಡ್ಡ ಬೆಲ್ಟ್ ತೆಗೆದುಹಾಕುವುದು ರೂಢಿ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 123ನೇ ನಿಯಮದಂತೆ ಹಿಂದಿನವರಿಗೆ ಹಿಡಿಕೆ, ಫುಟ್‌ರೆಸ್ಟ್ ಮತ್ತು ಬಟ್ಟೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕಾದರೂ ಮರೆ ಇರಲೇಬೇಕು. ಗಾಡಿಗೆ ಬೇರೆ ಹಿಡಿಕೆ ಇಲ್ಲದಿದ್ದರೆ ಬೆಲ್ಟನ್ನು ಮರಳಿ ಹಾಕಿಸಿ.

ಇನ್ನು ನೀರು. ಬೆಳಗಾವಿಯ ಮಳೆಗಾಲ ಸೀಟಿನ ಕೆಲಸದ ನಿಜವಾದ ಪರೀಕ್ಷೆ. ವಜ್ರದಾಕಾರದ ಹೊಲಿಗೆ ಕಣ್ಣಿಗೆ ಚೆಂದ, ಆದರೆ ಪ್ರತಿ ಸೂಜಿ ರಂಧ್ರವೂ ಒಂದು ಸೋರುವ ಜಾಗ, ಅದೂ ಕೂರುವ ಮುಖದ ಮೇಲೆ. ಕೂತಾಗಲೆಲ್ಲ ಫೋಮ್ ನೀರು ಹೀರುತ್ತದೆ, ವಾರಗಟ್ಟಲೆ ಒಣಗುವುದಿಲ್ಲ, ವಾಸನೆ ಹಿಡಿಯುತ್ತದೆ. ಹಳೆ ಗಾಡಿಗಳ ತಗಡಿನ ತಳವಾದರೆ ತುಕ್ಕು ಹಿಡಿದು ತೂತೇ ಬೀಳುತ್ತದೆ. ಆಗ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಕಡೆ ಹೋಗಿ ತಗಡು ವೆಲ್ಡ್ ಮಾಡಿಸಬೇಕು. ಹಾಗಾಗಿ ಕೂರುವ ಮುಖ ಒಂದೇ ತುಂಡಿನದಿರಲಿ, ಹೊಲಿಗೆ ಬದಿಯಲ್ಲಿ ಇಳಿಯಲಿ, ಹೊಲಿಗೆಯ ಒಳಮೈಗೆ ಅಂಟುಪಟ್ಟಿ ಹಾಕಿಸಿ. ಫೋಮಿಗೂ ರೆಕ್ಸಿನಿಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿದರೆ ಒಳ್ಳೆಯದೇ. ಆದರೆ ಅದನ್ನು ತಳದವರೆಗೆ ಸುತ್ತಿ ಕಟ್ಟಬಾರದು, ಒಳಹೊಕ್ಕ ನೀರು ಹೊರಬರಲು ದಾರಿ ಬೇಕು. ತಳದ ಪ್ಲೇಟಿನಲ್ಲಿ ನೀರು ಇಳಿಯುವ ಸಣ್ಣ ರಂಧ್ರಗಳಿರುತ್ತವೆ. ಹೊಸ ರೆಕ್ಸಿನಿನ ಮಡಿಕೆ ಅವುಗಳನ್ನು ಮುಚ್ಚಿದ್ದರೆ ಅಲ್ಲೇ ಕತ್ತರಿಸಲು ಹೇಳಿ.

ಬಾಗಲಕೋಟೆ, ವಿಜಯಪುರದವರಿಗೆ ನೀರಿಗಿಂತ ಬಿಸಿಲು ಮುಖ್ಯ. ಅಲ್ಲಿ ಬೇಸಿಗೆಯಲ್ಲಿ ಪಾರಾ 40 ಡಿಗ್ರಿ ದಾಟುತ್ತದೆ, ಕರಿ ರೆಕ್ಸಿನ್ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಬೂದು ಅಥವಾ ತಿಳಿಗಂದು ಬಣ್ಣ ಆರಿಸಿ. ದ್ರಾಕ್ಷಿ ತೋಟಕ್ಕೆ ಓಡಾಡುವವರು ಸೀಟಿಗೆ ಮಡಚಿದ ಕಂಬಳಿ ಕಟ್ಟುವುದನ್ನು ನಗಬೇಡಿ: ಉಣ್ಣೆ ಬೆವರು ಹೀರುತ್ತದೆ, ಗಾಳಿ ಆಡಿಸುತ್ತದೆ, ಕಾಯುವುದೂ ಕಡಿಮೆ. ಜಾರದಂತೆ ಕಟ್ಟಿದರೆ ಅಂಗಡಿಯ ಎಷ್ಟೋ ಕವರುಗಳಿಗಿಂತ ವಾಸಿ.

ಸೀಟ್ ವಾಪಸ್ ಪಡೆಯುವಾಗ ತಿರುಗಿಸಿ ತಳ ನೋಡಿ. ಪಿನ್ 6 ಮಿ.ಮೀ. ಇರಬೇಕು. ಉದ್ದ ಪಿನ್ ಪ್ಲಾಸ್ಟಿಕ್ ತೂರಿ ಫೋಮ್ ಕಡೆ ಮೂತಿ ಚಾಚುತ್ತದೆ. ಸರಿಯಾಗಿ ಕೂರದೆ ಕೆಳಗೆ ಎದ್ದು ನಿಂತ ಪಿನ್ ಸೀಟಿನಡಿಯ ವೈರಿಂಗ್ ಉಜ್ಜಿ ಶಾರ್ಟ್ ಮಾಡುತ್ತದೆ. ಸ್ಟೀಲ್ ಪಿನ್ ಕೇಳಿ, ಸಾದಾ ಪಿನ್ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ತಳದ ರಬ್ಬರ್ ಬುಷ್‌ಗಳನ್ನು ಕೊಡುವ ಮುಂಚೆ ಎಣಿಸಿ, ತರುವಾಗ ಮತ್ತೆ ಎಣಿಸಿ. ಸೀಟಿನ ಭಾರ ಚಾಸಿಗೆ ಇಳಿಯುವುದು ಆ ಬುಷ್‌ಗಳ ಮೂಲಕವೇ. ಒಂದು ಕಳೆದರೂ ಪ್ಲೇಟ್ ಆ ಜಾಗದಲ್ಲಿ ಬಗ್ಗಿ ಬಗ್ಗಿ ಬಿರಿಯುತ್ತದೆ. ಈ ಸಣ್ಣ ರಬ್ಬರ್ ಕಳೆದುಹೋಗುವುದು ಅತಿ ಸಾಮಾನ್ಯ.

ಸೀಟ್ ಬಿಚ್ಚಿಸದೆ ತಯಾರು ಮಾಲು ಕೊಳ್ಳುವವರಿಗೆ ಎರಡು ಮಾತು. ಜಾಳಿಗೆ ಕವರ್ ಗಾಳಿಯಾಡಲು, ಬೇಗ ಒಣಗಲು ಒಳ್ಳೆಯದು, ನೋವಿಗೆ ಮದ್ದಲ್ಲ. ಜೆಲ್ ಪ್ಯಾಡ್ ಒತ್ತಡ ಹಂಚುತ್ತದೆ, ಆದರೆ ಕೆಳಗಿನ ಸೀಟು ಇಳಿಜಾರಾಗಿದ್ದರೆ ಅದೂ ಇಳಿಜಾರಿನಲ್ಲೇ ಕೂರುತ್ತದೆ; ಬಿಸಿಲಲ್ಲಿ ಕಾದರೆ ಬೇಗ ಆರುವುದೂ ಇಲ್ಲ. ಗಾಳಿ ತುಂಬುವ ಕುಶನ್ ಈ ಮೂರರಲ್ಲಿ ಮೇಲು, ಬಳಸುವ ಬಗೆ ತಿಳಿದಿದ್ದರೆ. ಬಿಗಿಯಾಗಿ ಊದಿದರೆ ಗಾಡಿ ಮೇಲೆ ತೇಲಿದಂತಾಗಿ ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ಪೂರ್ತಿ ಊದಿ, ಮೇಲೆ ಕೂತು, ಎಲುಬು ತಳ ಮುಟ್ಟಲು ಒಂದು ಬೆರಳಷ್ಟೇ ಉಳಿಯುವವರೆಗೆ ಗಾಳಿ ಬಿಡಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಚೋರ್ಲಾ ಘಾಟ್ ಇಳಿದು ಗೋವಾ ಮುಟ್ಟುವಷ್ಟರಲ್ಲಿ ಹೊರಗಿನ ವಾಯುಭಾರ ಶೇ 8-9ರಷ್ಟು ಏರಿ, ಕುಶನ್ ಅಷ್ಟು ಕುಗ್ಗುತ್ತದೆ. ಕೆಳಗಿಳಿದ ಮೇಲೆ ಎರಡು ಉಸಿರು ಊದಿಕೊಳ್ಳಬೇಕು, ಹತ್ತುವಾಗ ಬಿಡಬೇಕು.

ಯಾವ ಗಾಡಿಗೆ ಈ ಕೆಲಸ ತಕ್ಕುದು? ಸ್ಪ್ಲೆಂಡರ್ ಥರದ 100-125 ಸಿಸಿ ಗಾಡಿಗಳಿಗೆ ಕಣ್ಣುಮುಚ್ಚಿ ಮಾಡಿಸಬಹುದು. ಸ್ಪ್ಲೆಂಡರ್ ಪ್ಲಸ್‌ನ ಸೀಟ್ ಎತ್ತರ 785 ಮಿ.ಮೀ.; 15 ಮಿ.ಮೀ. ಏರಿದರೂ ಹೆಚ್ಚಿನವರಿಗೆ ಕಾಲು ಸಿಗುತ್ತದೆ, ಮೊಣಕಾಲಿಗೂ ಆರಾಮ. ಔಷಧ ಕಂಪನಿಯ ಪ್ರತಿನಿಧಿಗಳು, ಊರೂರು ತಿರುಗಿ ವಸೂಲಿ ಮಾಡುವವರು, ದಿನಕ್ಕೆ ನೂರು ಕಿಲೋಮೀಟರ್ ಓಡಿಸುವ ಯಾರಿಗಾದರೂ ಇದಕ್ಕಿಂತ ಒಳ್ಳೆಯ ಖರ್ಚಿಲ್ಲ. ಕ್ಲಾಸಿಕ್ 350ಯದು 805 ಮಿ.ಮೀ.; ಅದರ ಕಂಪನಿ ಸೀಟು ಅಗಲವಾಗಿಯೇ ಇದೆ, ಕೂರುವ ಜಾಗಕ್ಕಷ್ಟೇ ಫೋಮ್ ಬದಲಿಸಿದರೆ ಸಾಕು. ಹಿಮಾಲಯನ್ 450ಯ ಸೀಟನ್ನು 825 ಮತ್ತು 845 ಎರಡು ಎತ್ತರಕ್ಕೆ ಕೂರಿಸಬಹುದು. ಮೊದಲು ಅದನ್ನು ಬದಲಿಸಿ ಓಡಿಸಿ ನೋಡಿ, ಆಮೇಲೆ ಉಸ್ತಾದರ ಬಳಿ ಹೋಗಿ. ಹೊಸ ಗಾಡಿಯಾದರೆ ಕಂಪನಿ ಸೀಟನ್ನು ಹಾಗೇ ಎತ್ತಿಟ್ಟು, ಇನ್ನೊಂದು ಹಳೆ ಸೀಟು ಕೊಂಡು ಅದರ ಮೇಲೆ ಕೆಲಸ ಮಾಡಿಸುವುದು ಜಾಣತನ.

ದರದ ಬಗ್ಗೆ ಚೌಕಾಸಿ ಮಾಡುವವರು ರೆಕ್ಸಿನಿನಲ್ಲಿ ಮಾಡಿ, ಫೋಮಿನಲ್ಲಿ ಬೇಡ. ಬರೀ ಕವರ್ ಆದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಮೇಲೆ ಹೇಳಿದ ಹಾಗೆ ಫೋಮ್ ಕೆಲಸವೂ ಸೇರಿದರೆ ಸಾವಿರ ದಾಟುತ್ತದೆ. ಫೋಮ್, ಅಂಟು, ರೆಕ್ಸಿನ್, ಕೂಲಿ ನಾಲ್ಕನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಆಗ ಯಾವ ಫೋಮ್ ಎಂಬ ಪ್ರಶ್ನೆ ತಾನಾಗಿ ಬರುತ್ತದೆ.

ಹೊಸ ಫೋಮ್ ಮೊದಲ ಎರಡು-ಮೂರು ವಾರದಲ್ಲಿ ನಾಲ್ಕೈದು ಮಿ.ಮೀ. ಕೂರುತ್ತದೆ, ರೆಕ್ಸಿನ್ ತುಸು ಸಡಿಲಾಗುತ್ತದೆ. ಆಗ ಒಮ್ಮೆ ಎಳೆದು ಮತ್ತೆ ಪಿನ್ ಹೊಡೆದುಕೊಡಬೇಕೆಂದು ಕೆಲಸ ಕೊಡುವಾಗಲೇ ಮಾತಾಡಿಕೊಳ್ಳಿ. ಮಿರಗದ ಮಳೆ ಹಿಡಿಯುವ ಮುಂಚೆ ಸೀಟ್ ಬಿಚ್ಚಿ ಪಿನ್ನುಗಳ ಸಾಲು, ಬುಷ್, ನೀರಿನ ರಂಧ್ರ ಮೂರನ್ನೂ ನೋಡಿ. ಅಂಗೈ ಊರಿ ಒತ್ತಿದಾಗ ತಳದಿಂದ ನೀರು ಜಿನುಗಿದರೆ, ಸೀಟನ್ನು ಮೂತಿ ಕೆಳಗಾಗಿ ಗೋಡೆಗೆ ಒರಗಿಸಿ ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಅಂಟು ಬಿಡುತ್ತದೆ.